ಪ್ರೆಸ್ ಶಾಪಿನಲ್ಲಿ ಆಪರೇಟರ್ ಬಾಯಿ ಬಿಡುವಂತೆ ಮಾಡುವುದು ಹೇಗೆ

ಪ್ರೆಸ್ ಶಾಪ್ ಅಂದರೆ ತಗಡನ್ನು ಡೈ (ಅಚ್ಚು) ನಡುವೆ ಇಟ್ಟು ಮೆಷೀನಿನಲ್ಲಿ ಒತ್ತಿ ಬಿಡಿಭಾಗ ಹೊಡೆಯುವ ಶೆಡ್ಡು. ಹತ್ತರಿಂದ ನಲವತ್ತು ಜನ ಕೆಲಸ ಮಾಡುವ ಇಂಥ ಶೆಡ್ಡುಗಳ ಓನರ್‌ಗಳಿಗೆ, ಸೂಪರ್‌ವೈಸರ್‌ಗಳಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕಂಪನಿಯಲ್ಲಿ ಸೇಫ್ಟಿ ಆಫೀಸರ್ ಇರುತ್ತಾರೆ, ನೆಲಕ್ಕೆ ಹಳದಿ ಗೆರೆ ಎಳೆದಿರುತ್ತಾರೆ, ಮೀಟಿಂಗ್ ಆಗಿ ಮಿನಿಟ್ಸ್ ಫೈಲಿಗೆ ಸೇರುತ್ತದೆ. ನಮ್ಮಲ್ಲಿ ಡಿಸ್ಪ್ಯಾಚ್ ನೋಡುವವನೇ ಸೇಫ್ಟಿಯನ್ನೂ ನೋಡಬೇಕು, ಕರೆಂಟ್ ಹೋದರೆ ಜನರೇಟರ್ ಹಾಕುವವನೂ ಅವನೇ. ನಾನು ಅಂಥವನೊಬ್ಬ. ಐಟಿಐ ಫಿಟ್ಟರ್ ಮುಗಿಸಿ ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ಡೈ ಫಿಟ್ಟರ್ ಆಗಿ ಸೇರಿದವನು, ಈಗ ಅದೇ ಏರಿಯಾದ ಇನ್ನೊಂದು ಪ್ರೆಸ್ ಶಾಪಿನಲ್ಲಿ ಪ್ರೊಡಕ್ಷನ್ ಸೂಪರ್‌ವೈಸರ್. 40 ಟನ್, 63 ಟನ್, 100 ಟನ್ ಪ್ರೆಸ್ಸುಗಳಿವೆ. ಬ್ರಾಕೆಟ್, ಕ್ಲ್ಯಾಂಪ್, ವಾಷರ್ ಹೊಡೆಯುತ್ತೇವೆ. ಕುಣಿಗಲ್, ರಾಯಚೂರು ಕಡೆಯವರಿದ್ದಾರೆ, ಒಡಿಶಾ, ಬಿಹಾರದ ಹುಡುಗರಿದ್ದಾರೆ, ಡೀಬರಿಂಗ್ (ಪೀಸಿನ ಚೂಪು ಅಂಚು ಉಜ್ಜಿ ತೆಗೆಯುವುದು) ಮತ್ತು ಪ್ಯಾಕಿಂಗಿನಲ್ಲಿ ಲಗ್ಗೆರೆ, ಹೆಗ್ಗನಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿದ್ದಾರೆ.

ಮುಂದೆ ಯಾವ ಮೆಷೀನಿನಲ್ಲಿ ಬೆರಳು ಹೋಗಬಹುದು ಅನ್ನುವುದು ಆಪರೇಟರ್‌ಗಳಿಗೆ ಹೆಚ್ಚಿನ ಸಲ ಮೊದಲೇ ಗೊತ್ತಿರುತ್ತದೆ, ಆದರೆ ಹೇಳುವುದಿಲ್ಲ. ಹೇಳಿದರೆ ಮೆಷೀನ್ ನಿಲ್ಲುತ್ತದೆ, ಮೆಷೀನ್ ನಿಂತರೆ ಪೀಸ್ ಕಮ್ಮಿ, ಪೀಸ್ ಕಮ್ಮಿಯಾದರೆ ಇನ್ಸೆಂಟಿವ್ ಖೋತಾ. ಅದರ ಮೇಲೆ ‘ಇವನದು ಬರೀ ಕಂಪ್ಲೇಂಟು’ ಅಂತ ಅನ್ನಿಸಿಕೊಳ್ಳಬೇಕು. ಜೊತೆಗೆ, ಹೋದ ವರ್ಷ ಯಾರೋ ಹೇಳಿದ್ದು ಇನ್ನೂ ಹಾಗೇ ಇದೆ ಅನ್ನುವುದೂ ಎಲ್ಲರಿಗೂ ನೆನಪಿರುತ್ತದೆ. ಈ ಗಂಟು ಬಿಚ್ಚದೆ ಗೋಡೆಗೆ ಎಷ್ಟು ಪೋಸ್ಟರ್ ಅಂಟಿಸಿದರೂ ಅದು ಗೋಡೆಗಷ್ಟೇ.

ಮೊದಲು ಓನರ್ ಹತ್ತಿರ ಮಾತಾಡಿ

ಓನರ್ ಒಪ್ಪದೆ ಕೆಲಸಗಾರರನ್ನು ಮಾತಾಡಿಸಲು ಹೋಗಬೇಡಿ. ಅವರು ನಿಮ್ಮನ್ನು ನಂಬಿ ಏನೋ ಹೇಳಿ, ಕೊನೆಗೆ ಏನೂ ಆಗದಿದ್ದರೆ ಮುಂದಿನ ಐದು ವರ್ಷ ಯಾರೂ ತುಟಿ ಬಿಚ್ಚುವುದಿಲ್ಲ. ಓನರ್‌ರಿಂದ ಎರಡು ವಿಷಯಕ್ಕೆ ಒಪ್ಪಿಗೆ ಬೇಕು. ಒಂದು, ತಿಂಗಳಿಗೆ ಇಷ್ಟು ದುಡ್ಡು ಅಂತ ಗೊತ್ತು ಮಾಡಿ, ಅಷ್ಟರೊಳಗಿನ ರಿಪೇರಿಗೆ ಅವರನ್ನು ಕೇಳದೆ ನಾನೇ ಖರ್ಚು ಮಾಡಬಹುದು ಅನ್ನುವುದು. ಎರಡು, ಸೇಫ್ಟಿ ಕಾರಣಕ್ಕೆ ಮೆಷೀನ್ ನಿಲ್ಲಿಸಿದವನ ಒಂದು ರೂಪಾಯಿಯೂ ಕಟ್ ಆಗುವುದಿಲ್ಲ ಅನ್ನುವುದು. ಎರಡನೆಯದನ್ನು ಅವರೇ ಎಲ್ಲರ ಎದುರು ನಿಂತು ಹೇಳಬೇಕು. ನಮ್ಮ ಓನರ್ ಆಯುಧ ಪೂಜೆ ದಿನ, ಮಂಗಳಾರತಿ ಆದ ಮೇಲೆ, ಸ್ವೀಟ್ ಬಾಕ್ಸ್ ಹಂಚುವ ಮುಂಚೆ ಹೇಳಿದರು. ಮೆಷೀನಿಗೆ ಅರಿಶಿನ-ಕುಂಕುಮ ಹಚ್ಚಿಟ್ಟ ಜಾಗದಲ್ಲಿ ಆಡಿದ ಮಾತನ್ನು ನಮ್ಮ ಜನ ಸುಲಭಕ್ಕೆ ಮರೆಯುವುದಿಲ್ಲ, ಓನರ್‌ಗೂ ಅದನ್ನು ಮುರಿಯಲು ಸಂಕೋಚ.

ಆಯುಧ ಪೂಜೆಯ ವಿಷಯ ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ವರ್ಷದಲ್ಲಿ ಮೆಷೀನುಗಳು ನಿಜವಾಗಿ ಕ್ಲೀನ್ ಆಗುವುದು ಅದರ ಹಿಂದಿನ ದಿನ. ಕವರ್ ಎಲ್ಲ ಬಿಚ್ಚಿ, ಡೀಸೆಲ್ ಹಾಕಿ ಗ್ರೀಸ್ ತೊಳೆಯುತ್ತಾರೆ. ವರ್ಷವಿಡೀ ಎಣ್ಣೆ ಜಿಡ್ಡಿನ ಕೆಳಗೆ ಅಡಗಿದ್ದ ಬಿರುಕು, ಸಡಿಲ ಬೋಲ್ಟು, ಸವೆದ ಬ್ರೇಕ್ ಲೈನಿಂಗ್ ಅವತ್ತು ಕಣ್ಣಿಗೆ ಬೀಳುತ್ತವೆ. ಕ್ಲೀನ್ ಮಾಡುವವನ ಕೈಗೆ ಒಂದು ಚಾಕ್‌ಪೀಸ್ ಕೊಟ್ಟು, ಅನುಮಾನ ಬಂದ ಕಡೆಯೆಲ್ಲ ಗುರುತು ಹಾಕಲು ಹೇಳಿ. ರಿಪೇರಿ ಆಗುವ ತನಕ ಆ ಗುರುತು ಅಳಿಸಬಾರದು. ಕುಂಬಳಕಾಯಿಯನ್ನು ಮಾತ್ರ ಶೆಡ್ಡಿನ ಹೊರಗೆ ಒಡೆಯಿರಿ. ಮರುದಿನ ಅದರ ಮೇಲೆ ಜಾರಿ ಬೀಳುವವರು ಬೇರೆ ಊರಿನಲ್ಲೂ ಇರಬಹುದು, ನಮ್ಮಲ್ಲಂತೂ ಇದ್ದಾರೆ.

ಮೀಟಿಂಗ್ ಕರೆಯಬೇಡಿ, ಮೆಷೀನ್ ಹತ್ತಿರ ಹೋಗಿ

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ‘ಏನಾದ್ರೂ ಪ್ರಾಬ್ಲಮ್ ಇದೆಯಾ?’ ಅಂದರೆ ಬರುವ ಉತ್ತರ ಒಂದೇ. ‘ಇಲ್ಲ ಸಾರ್, ಎಲ್ಲಾ ಚೆನ್ನಾಗೈತೆ.’ ಹಿಂದಿಯಲ್ಲಿ ಕೇಳಿದರೆ ಹಿಂದಿಯಲ್ಲಿ ಅದೇ ಉತ್ತರ. ಕೇಳುವ ಜಾಗ, ಕೇಳುವ ಪ್ರಶ್ನೆ ಎರಡೂ ಬದಲಾಗಬೇಕು.

ಶಿಫ್ಟ್ ಮುಗಿಯಲು ಅರ್ಧ ಗಂಟೆ ಇರುವಾಗ ಒಬ್ಬ ಆಪರೇಟರ್ ಮತ್ತು ಒಬ್ಬ ಹೆಲ್ಪರ್‌ನನ್ನು ಜೊತೆಗೆ ಕರೆದುಕೊಂಡು ಒಂದೊಂದೇ ಮೆಷೀನ್ ಮುಂದೆ ನಿಲ್ಲಿ. ಕೈಯಲ್ಲಿ ಪೆನ್ನು-ಪೇಪರ್ ಬೇಡ, ಬರೆಯುವವರ ಎದುರು ಜನ ಎಚ್ಚರವಾಗುತ್ತಾರೆ. ನಾನು ಕೇಳುವ ಪ್ರಶ್ನೆಗಳು ಇಂಥವು. ‘ಈ ಡೈ ಹತ್ತಿದ ದಿನ ಎಲ್ಲರೂ ಬೇರೆ ಮೆಷೀನ್ ಕೊಡಿ ಅಂತೀರಲ್ಲ, ಯಾಕೆ?’ ‘ಹೊಸ ಹುಡುಗ ಬಂದ್ರೆ ನಾನಿಲ್ಲದಾಗ ಅವನಿಗೆ ಏನು ಹೇಳ್ಕೊಡ್ತೀರಿ?’ ‘ಈ ವಾರ ಯಾವಾಗಲಾದ್ರೂ ಎದೆ ಝಲ್ ಅಂತಾ?’ ‘ನಿಮ್ಮ ತಮ್ಮನ್ನ ಈ ಮೆಷೀನ್ ಮೇಲೆ ಕೂರಿಸ್ತೀರಾ?’ ಕೊನೆಯ ಪ್ರಶ್ನೆಗೆ ಅವರು ಬಾಯಲ್ಲಿ ಉತ್ತರ ಕೊಡದಿದ್ದರೂ ಮುಖದಲ್ಲಿ ಸಿಗುತ್ತದೆ.

ಹಾಗೆ ಕೇಳಿದ್ದಕ್ಕೆ 63 ಟನ್ ಪ್ರೆಸ್ಸಿನ ಆಪರೇಟರ್, ಒಡಿಶಾದ ಬಾಲಸೋರ್ ಕಡೆಯ ಹುಡುಗ, ತನ್ನ ಮುರುಕು ಕನ್ನಡದಲ್ಲಿ ಹೇಳಿದ: ‘ಸಾರ್, ಊಟ ಆದ್ಮೇಲೆ ಇದು ಮೇಲೆ ಸರಿ ನಿಲ್ಲಲ್ಲ. ಸ್ವಲ್ಪ ಜಾರ್ತದೆ.’ ಬೆಳಗ್ಗೆ ನೋಡಿದರೆ ಏಟು ಹೊಡೆಯಲು ಮೇಲೆ-ಕೆಳಗೆ ಓಡುವ ಭಾಗ, ಅಂದರೆ ರ‍್ಯಾಮ್ ಸರಿಯಾಗಿಯೇ ನಿಲ್ಲುತ್ತಿತ್ತು. ಮೂರು ಗಂಟೆ ಓಡಿ ಬಿಸಿಯಾದ ಮೇಲೆ ಬೇರಿಂಗಿನಿಂದ ಜಿನುಗಿದ ಎಣ್ಣೆ ಬ್ರೇಕ್ ಲೈನಿಂಗಿಗೆ ಇಳಿದು, ರ‍್ಯಾಮ್ ಮೇಲಿನ ತುದಿಯಲ್ಲಿ ನಿಲ್ಲದೆ ಒಂದಿಷ್ಟು ಮುಂದಕ್ಕೆ ಹೋಗುತ್ತಿತ್ತು. ನಾನು ಸೆಟ್ಟಿಂಗ್ ಮಾಡುವುದು ಬೆಳಗ್ಗೆ, ಮೆಷೀನ್ ತಣ್ಣಗಿರುವಾಗ, ಹಾಗಾಗಿ ಇದು ನನಗೆ ಕಾಣುವ ದಾರಿಯೇ ಇರಲಿಲ್ಲ.

ಇದು ಯಾಕೆ ಸಣ್ಣ ವಿಷಯವಲ್ಲ ಎಂದು ಪ್ರೆಸ್ ಗೊತ್ತಿಲ್ಲದವರಿಗೆ ಹೇಳಬೇಕು. ಹಳೇ ಸಿ-ಫ್ರೇಮ್ ಪ್ರೆಸ್ಸುಗಳು ಹೆಚ್ಚಾಗಿ ಕೀ ಕ್ಲಚ್‌ನವು. ಪೆಡಲ್ ಒತ್ತಿದರೆ ಲ್ಯಾಚ್ ಸರಿದು ಕೀ ತಿರುಗಿ, ಸದಾ ಸುತ್ತುತ್ತಿರುವ ಭಾರದ ಚಕ್ರ (ಫ್ಲೈವ್ಹೀಲ್) ಮತ್ತು ರ‍್ಯಾಮ್ ಓಡಿಸುವ ಕ್ರ್ಯಾಂಕ್ ಶಾಫ್ಟ್ ಕಚ್ಚಿಕೊಳ್ಳುತ್ತವೆ. ಒಮ್ಮೆ ಕಚ್ಚಿತೆಂದರೆ ರ‍್ಯಾಮ್ ಪೂರ್ತಿ ಇಳಿದು ಮೇಲೆ ಬರುವ ತನಕ ಯಾರೂ ನಿಲ್ಲಿಸಲಾರರು. ಲ್ಯಾಚಿನ ಸ್ಪ್ರಿಂಗ್ ತುಂಡಾದರೆ, ಕೀ ಮೂಲೆ ಸವೆದರೆ, ಬ್ರೇಕ್ ಹಿಡಿಯದಿದ್ದರೆ ಪೆಡಲ್ ಒತ್ತದೆಯೇ ಇನ್ನೊಂದು ಏಟು ಬೀಳಬಹುದು. ನಾವು ಅದಕ್ಕೆ ಡಬಲ್ ಹೊಡೆಯೋದು ಅನ್ನುತ್ತೇವೆ. ಮೊದಲ ಏಟಿನ ಪೀಸ್ ತೆಗೆಯಲು ಕೈ ಡೈ ಒಳಗಿರುವ ಹೊತ್ತಿಗೆ ಎರಡನೆಯದು ಬರುತ್ತದೆ. ಡಬಲ್ ಹೊಡೆಯುವ ಮುಂಚೆ ಮೆಷೀನ್ ಸಾಮಾನ್ಯವಾಗಿ ಏನಾದರೂ ಸುಳಿವು ಕೊಡುತ್ತದೆ. ಒಂದು ಜಾರುವಿಕೆ, ಒಂದು ‘ಟಕ್’, ಪೆಡಲಿನಲ್ಲಿ ಒಂದು ಸಡಿಲ. ಆ ಸುಳಿವು ಸಿಗುವುದು ಇಡೀ ದಿನ ಅದರ ಮುಂದೆ ಕೂತವನ ಕಿವಿಗೆ, ಕಾಲಿಗೆ.

ಒಂದನ್ನು ಆ ವಾರವೇ ಮಾಡಿ ಮುಗಿಸಿ

ಸುತ್ತಾಡಿ ಬಂದ ಮೇಲೆ ನಿಮ್ಮ ತಲೆಯಲ್ಲಿ ಹದಿನೈದು ವಿಷಯ ಇರುತ್ತವೆ. ಎಲ್ಲದಕ್ಕೂ ಕೈ ಹಾಕಬೇಡಿ. ಕಣ್ಣಿಗೆ ಕಾಣುವ, ಕಡಿಮೆ ಖರ್ಚಿನ, ಕೆಲಸಗಾರರೇ ಹೇಳಿದ ಒಂದನ್ನು ಹಿಡಿದು ಶನಿವಾರದೊಳಗೆ ಮುಗಿಸಿ. ನಮ್ಮಲ್ಲಿ ಅದು ಪೆಡಲ್ ಕವರ್. ಸ್ಕ್ರ್ಯಾಪ್ ತುಂಡೋ ಪಾನಾವೋ ಬಿದ್ದು ಪೆಡಲ್ ಒತ್ತಿಕೊಳ್ಳುತ್ತದೆ ಅಂತ ಹೆಲ್ಪರ್ ಒಬ್ಬ ಹೇಳಿದ್ದ. ನಮ್ಮದೇ ಸ್ಕ್ರ್ಯಾಪ್ ಶೀಟಿನಲ್ಲಿ ಮೇಲೆ, ಎರಡು ಪಕ್ಕ ಮುಚ್ಚಿದ ಗೂಡು ಮಾಡಿ, ವೆಲ್ಡಿಂಗ್ ಹಾಕಿ, ಎಲ್ಲ ಪೆಡಲಿಗೂ ಕೂರಿಸಿದೆವು. ಹೇಳಿದ ಹೆಲ್ಪರ್‌ನನ್ನೇ ಕರೆದು ಅಳತೆ ತೆಗೆಸಿದೆವು. ಅವನ ಶೂ ಸಲೀಸಾಗಿ ಒಳಗೆ ಹೋಗಬೇಕು, ಮೇಲಿಂದ ಬಿದ್ದದ್ದು ಹೋಗಬಾರದು. ಅದಾದ ಮರುವಾರ ಬಂದ ದೂರುಗಳನ್ನು ನೋಡಿ ನಮ್ಮ ಅಕೌಂಟ್ಸ್ ಮೇಡಂ, ‘ಇಷ್ಟು ದಿನ ಇವರೆಲ್ಲ ಎಲ್ಲಿದ್ರು?’ ಅಂದರು.

ದೂರು ಹೆಚ್ಚಾದರೆ ಗಾಬರಿ ಬೇಡ. ಅರ್ಧಕ್ಕರ್ಧ ಸೇಫ್ಟಿಗೆ ಸಂಬಂಧವಿಲ್ಲದವು ಬರುತ್ತವೆ. ಟೀ ನೀರಾಗಿದೆ, ಫ್ಯಾನ್ ತಿರುಗುತ್ತಿಲ್ಲ, ಓಟಿ ಲೆಕ್ಕ ತಪ್ಪಾಗಿದೆ. ಇವನ್ನು ತಳ್ಳಿಹಾಕಬೇಡಿ. ಫ್ಯಾನಿನ ವಿಷಯ ನೀವು ಹೇಗೆ ತಗೊಳ್ಳುತ್ತೀರಿ ಅಂತ ನೋಡಿ ಆಮೇಲೆ ಬ್ರೇಕಿನ ವಿಷಯ ಹೇಳುತ್ತಾರೆ. ಅಲ್ಲದೆ ಏಪ್ರಿಲ್ ತಿಂಗಳಲ್ಲಿ ಶೀಟಿನ ಕೆಳಗೆ ಫ್ಯಾನಿಲ್ಲದೆ ನಿಂತವನು ಪೆಡಲ್ ಮೇಲೆ ಎಷ್ಟು ಗಮನ ಇಡಬಲ್ಲ?

ಪುಸ್ತಕ

ಸಲಹಾ ಪೆಟ್ಟಿಗೆ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಇಪ್ಪತ್ತೈದು ಜನರ ಶೆಡ್ಡಿನಲ್ಲಿ ಅಕ್ಷರ ನೋಡಿದರೇ ಯಾರದ್ದು ಅಂತ ಗೊತ್ತಾಗುತ್ತದೆ, ಬರೆಯಲು ಬಾರದವರು ಹಾಕುವುದೇ ಇಲ್ಲ. ನಮ್ಮ ಪೆಟ್ಟಿಗೆಯಲ್ಲಿ ಖಾಲಿ ಗುಟ್ಕಾ ಪ್ಯಾಕೆಟ್ ಸಿಕ್ಕಿದ್ದೇ ಹೆಚ್ಚು. ಅದನ್ನು ತೆಗೆದು ಒಂದು ಲಾಂಗ್ ನೋಟ್‌ಬುಕ್ಕನ್ನು ದಾರ ಕಟ್ಟಿ ಟೀ ಫ್ಲಾಸ್ಕಿನ ಪಕ್ಕ ನೇತುಹಾಕಿದೆವು. ಐದು ಕಾಲಂ: ದಿನಾಂಕ, ಯಾವ ಮೆಷೀನ್ ಅಥವಾ ಜಾಗ, ಏನಾಗಿದೆ, ಯಾರು ಮಾಡಬೇಕು, ಮುಗಿದ ದಿನಾಂಕ. ಹೇಳಿದವರ ಹೆಸರಿಗೆ ಕಾಲಂ ಇಲ್ಲ, ಬೇಕಂತಲೇ ಬಿಟ್ಟದ್ದು.

ಬರೆಯಲು ಬಾರದವರು ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕುತ್ತಾರೆ, ನಾನು ಪುಸ್ತಕಕ್ಕೆ ಇಳಿಸುತ್ತೇನೆ. ಒಡಿಯಾದಲ್ಲಿ ಹಾಕಿದರೂ ಸರಿ, ಕೇಳಿ ಹೇಳಲು ಜೊತೆಯವರಿದ್ದಾರೆ. ಮೆಷೀನಿನ ಶಬ್ದವನ್ನೇ ರೆಕಾರ್ಡ್ ಮಾಡಿ ಕಳಿಸುವವರೂ ಇದ್ದಾರೆ, ಡೈ ಫಿಟ್ಟರ್ ಆದ ನನಗೆ ಅದು ಹತ್ತು ಸಾಲಿನ ಬರವಣಿಗೆಗಿಂತ ಉಪಯೋಗ.

ಮಾಡಲು ಆಗದ್ದನ್ನು ಖಾಲಿ ಬಿಡಬೇಡಿ. ‘ಆಗಲ್ಲ’ ಅಂತ ಬರೆದು ಪಕ್ಕದಲ್ಲಿ ಕಾರಣ ಬರೆಯಿರಿ. ‘ಶೆಡ್ ಎತ್ತರ ಮಾಡಲು ಬಿಲ್ಡಿಂಗ್ ಓನರ್ ಒಪ್ಪಲಿಲ್ಲ, ಎಕ್ಸಾಸ್ಟ್ ಫ್ಯಾನ್ ಹಾಕುತ್ತೇವೆ’ ಅಂತ ಬರೆದಾಗ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಸುಮ್ಮನೆ ಬಿಟ್ಟಾಗ ಮಾಡಿಕೊಂಡಿದ್ದಾರೆ.

ಯಾರು ಪ್ರತಿನಿಧಿ

ದಿನಾ ಎಲ್ಲರನ್ನೂ ಕೇಳಲು ಆಗುವುದಿಲ್ಲ. ಹಾಗಾಗಿ ಮೂವರು ಬೇಕು: ಪ್ರೆಸ್ಸಿನಿಂದ ಒಬ್ಬ, ಡೀಬರಿಂಗ್-ಪ್ಯಾಕಿಂಗಿನಿಂದ ಒಬ್ಬರು, ಕಾಂಟ್ರಾಕ್ಟ್ ಹುಡುಗರಿಂದ ಒಬ್ಬ. ಅವರನ್ನು ನೀವು ಆರಿಸಬೇಡಿ. ಓನರ್‌ಗೆ ಬೇಕಾದ ಹಳೇ ಮನುಷ್ಯ ಎಷ್ಟೇ ಒಳ್ಳೆಯವನಾದರೂ ಅವನ ಹತ್ತಿರ ಜನ ಮನಸ್ಸು ಬಿಚ್ಚುವುದಿಲ್ಲ. ಅವರವರೇ ಮಾತಾಡಿಕೊಂಡು ಹೆಸರು ಹೇಳಲಿ. ಪ್ರತಿನಿಧಿಗೆ ವಾರಕ್ಕೆ ಒಂದು ಗಂಟೆ ಬಿಡಿ, ಆ ಗಂಟೆಗೆ ಅವನ ಸರಾಸರಿ ಪೀಸ್ ಲೆಕ್ಕದಲ್ಲಿ ಸಂಬಳ ಹಾಕಿ. ಇದಕ್ಕೆ ಚೌಕಾಸಿ ಮಾಡುವ ಓನರ್ ಉಳಿದದ್ದನ್ನೂ ಮಾಡುವುದಿಲ್ಲ ಅಂತ ನನ್ನ ಅನುಭವ.

ಕಾಂಟ್ರಾಕ್ಟ್ ಹುಡುಗರ ಕಷ್ಟ ಬೇರೆ. ಅವರಿಗೆ ಇಬ್ಬರು ಓನರ್‌ಗಳು, ಭಯ ಇರುವುದು ಕಾಂಟ್ರಾಕ್ಟರ್‌ದು. ‘ದೂರು ಕೊಟ್ಟ ಹುಡುಗನನ್ನು ನಮ್ಮನ್ನು ಕೇಳದೆ ಬದಲಾಯಿಸುವಂತಿಲ್ಲ’ ಅಂತ ಕಾಂಟ್ರಾಕ್ಟರ್ ಜೊತೆ ಮೊದಲೇ ಮಾತಾಡಿ, ಆ ಮಾತು ಹುಡುಗರಿಗೂ ತಿಳಿಯುವಂತೆ ನೋಡಿಕೊಳ್ಳಿ.

ಹೆಣ್ಣುಮಕ್ಕಳ ಪ್ರತಿನಿಧಿ ಬಂದ ಮೇಲೆ ನಮ್ಮ ಪುಸ್ತಕದ ಸ್ವರೂಪವೇ ಬದಲಾಯಿತು. ಗಂಡಸರು ಹೇಳುವುದೆಲ್ಲ ಕೈ-ಬೆರಳಿನ ಸುದ್ದಿ. ಅವರು ಹೇಳಿದ್ದು ಬಾತ್‌ರೂಮಿನ ಚಿಲಕ, ತುಂಬಿದ ಕ್ರೇಟಿನ ಭಾರ, ಇಡೀ ದಿನ ನಿಂತ ಕಾಲು, ಪೀಸಿನ ಎಣ್ಣೆ ಜಿಡ್ಡು ತೆಗೆಯುವ ಡಿಗ್ರೀಸಿಂಗ್ ಟಬ್ಬಿನ ವಾಸನೆ. ‘ಆ ಟಬ್ ಹತ್ರ ನಿಂತ್ರೆ ತಲೆ ಸುತ್ತುತ್ತೆ ಸಾರ್, ಮನೆಗ್ ಹೋದ್ರೂ ಊಟ ಸೇರಲ್ಲ’ ಅಂದರು ಆಯಮ್ಮ. ಟಬ್ಬಿನಲ್ಲಿದ್ದದ್ದು ಟ್ರೈಕ್ಲೋರೋಎಥಿಲೀನ್. ಪೀಣ್ಯದಲ್ಲಿ ಎಲ್ಲರೂ ಟ್ರೈಕ್ಲೋ ಅಂತ ಕ್ಯಾನಿನಲ್ಲಿ ತರಿಸುತ್ತಾರೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಸೇರಿಸಿದೆ. ಬೇಗ ಆವಿಯಾಗುತ್ತದೆ, ಆವಿ ಗಾಳಿಗಿಂತ ಭಾರ, ಟಬ್ಬಿನ ಸುತ್ತಲೇ ಕೂರುತ್ತದೆ. ಬಗ್ಗಿ ಪೀಸ್ ಅದ್ದುವವರ ಮೂಗು ಇರುವುದೂ ಅಲ್ಲೇ. ಕಸ್ಟಮರ್ ಜೊತೆ ಮಾತಾಡಿ ನೀರಿನಲ್ಲಿ ಕಲಸುವ ಕ್ಲೀನರ್‌ಗೆ ಬದಲಾಯಿಸಿದೆವು. ಒಣಗಲು ಹೊತ್ತು ಹಿಡಿಯುತ್ತದೆ, ತುಕ್ಕು ಬಾರದಂತೆ ಬ್ಲೋಯರ್ ಬೇಕು, ಅದು ಖರ್ಚೇ. ನಿಮ್ಮಲ್ಲಿ ಯಾವ ಕೆಮಿಕಲ್ ಇದ್ದರೂ ಸಪ್ಲೈಯರ್ ಹತ್ತಿರ ಅದರ ಸೇಫ್ಟಿ ಡೇಟಾ ಶೀಟ್ ಕೇಳಿ ತಗೊಳ್ಳಿ. ಅದರಲ್ಲಿ ಮೈಗೆ ಏನಾಗುತ್ತದೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಅನ್ನುವ ಭಾಗವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಟಬ್ಬಿನ ಮೇಲೆ ಅಂಟಿಸಿ.

ವಾರಕ್ಕೊಮ್ಮೆ ಹತ್ತು ನಿಮಿಷ ಎಲ್ಲರೂ ಸೇರುತ್ತೇವೆ. ಸೋಮವಾರ ಬೆಳಗ್ಗೆ, ಮೆಷೀನ್ ಸ್ಟಾರ್ಟ್ ಮಾಡುವ ಮುಂಚೆ, ನಿಂತುಕೊಂಡೇ, ಡ್ಯೂಟಿ ಟೈಮಿನಲ್ಲೇ. ಪುಸ್ತಕದಿಂದ ಮುಗಿದದ್ದು ಯಾವುದು, ಉಳಿದದ್ದು ಯಾವುದು ಅಂತ ಪ್ರತಿನಿಧಿ ಓದುತ್ತಾನೆ. ನಾನು ಕೊನೆಗೆ ಮಾತಾಡುತ್ತೇನೆ. ಸೂಪರ್‌ವೈಸರ್ ಮೊದಲು ಬಾಯಿ ತೆರೆದರೆ ಉಳಿದವರು ತಲೆ ಆಡಿಸುತ್ತಾರೆ ಅಷ್ಟೆ.

ಗಾರ್ಡ್ ಯಾಕೆ ಬಿಚ್ಚುತ್ತಾರೆ

‘ಗಾರ್ಡ್ ಹಾಕಿಕೊಟ್ಟರೂ ಇವರು ಬಿಚ್ಚಿ ಬಿಸಾಕ್ತಾರೆ’ ಅನ್ನುವ ಮಾತನ್ನು ಎನ್‌ಟಿಟಿಎಫ್ ಸರ್ಕಲಿನಿಂದ ರಾಜಗೋಪಾಲನಗರದ ತನಕ ಯಾವ ಶೆಡ್ಡಿನಲ್ಲಿ ಬೇಕಾದರೂ ಕೇಳಬಹುದು. ಗಾರ್ಡ್ ಅಂದರೆ ಕೈ ಡೈ ಒಳಗೆ ಹೋಗದಂತೆ ಅಡ್ಡ ಹಾಕುವ ತಡೆ. ಬಿಚ್ಚುವುದು ನಿಜ. ಯಾಕೆ ಅಂತ ಕೇಳಿದವರು ಕಡಿಮೆ.

ನಮ್ಮ ಮೊದಲ ಗಾರ್ಡುಗಳನ್ನು ಫ್ಯಾಬ್ರಿಕೇಟರ್ ಬಂದು ಟೇಪ್ ಹಿಡಿದು ಅಳೆದು ಮಾಡಿಕೊಟ್ಟಿದ್ದ. ದಪ್ಪ ಜಾಲರಿ. ಆಪರೇಟರ್‌ಗೆ ಪೀಸ್ ಸ್ಟಾಪರ್‌ಗೆ ಮುಟ್ಟಿದ್ದು ಕಾಣುತ್ತಿರಲಿಲ್ಲ. ಸ್ಕ್ರ್ಯಾಪ್ ಸಿಕ್ಕಿಕೊಂಡರೆ ನಾಲ್ಕು ಬೋಲ್ಟ್ ಬಿಚ್ಚಬೇಕಿತ್ತು. ದಿನಕ್ಕೆ ಹಲವು ಸಲ ಸಿಕ್ಕಿಕೊಳ್ಳುತ್ತದೆ. ಮೊದಲ ದಿನ ಬಿಚ್ಚಿ ಹಾಕುತ್ತಾನೆ, ಎರಡನೇ ದಿನ ಎರಡು ಬೋಲ್ಟ್ ಮಾತ್ರ ಹಾಕುತ್ತಾನೆ, ಆಮೇಲೆ ಗಾರ್ಡ್ ಮೂಲೆ ಸೇರುತ್ತದೆ. ಎರಡನೇ ಸಲ ಮಾಡಿಸುವಾಗ ಆಪರೇಟರ್‌ನನ್ನು ಫ್ಯಾಬ್ರಿಕೇಟರ್ ಪಕ್ಕ ಕೂರಿಸಿದೆವು. ಮುಂದೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್ ಹಾಕಿಸಿದ. ತಗಡಿನ ಸ್ಟ್ರಿಪ್ ನುಗ್ಗುವಷ್ಟೇ ಸೀಳು ಬಿಡಿಸಿದ. ಸೀಳು 6 ಮಿಲಿಮೀಟರ್ ಒಳಗಿದ್ದರೆ ಬೆರಳು ಡೈ ತನಕ ಹೋಗುವುದಿಲ್ಲ. ಪಕ್ಕಕ್ಕೆ ಹಿಂಜ್ ಇಟ್ಟು, ತೆರೆದರೆ ಪೆಡಲ್ ಲಾಕ್ ಆಗುವ ಹಾಗೆ ಒಂದು ಪಿನ್ ಸೇರಿಸಿದೆವು. ಸ್ಕ್ರ್ಯಾಪ್ ತಾನಾಗಿ ಹಿಂದಕ್ಕೆ ಜಾರಲಿ ಅಂತ ಡೈ ಕೆಳಗೆ ಓರೆ ತಗಡು ಇಡಿ ಅಂದವನೂ ಅವನೇ. ಆ ಗಾರ್ಡ್ ಈಗಲೂ ಅಲ್ಲೇ ಇದೆ, ಪಾಲಿಕಾರ್ಬೊನೇಟ್ ಗೀರು ಬಿದ್ದು ಮಬ್ಬಾದಾಗ ಬದಲಾಯಿಸಿ ಅಂತ ಅವರೇ ಪುಸ್ತಕದಲ್ಲಿ ಬರೆಯುತ್ತಾರೆ.

ಸಾಮಾನು ಕೊಳ್ಳುವ ಮುಂಚೆಯೂ ಕೇಳಿ. ಒಮ್ಮೆ ಸೆನ್ಸರ್ ಮಾರುವ ಹುಡುಗ ಬಂದಿದ್ದ. ಬೆಳಕಿನ ಪರದೆಯಂಥದ್ದು, ಕೈ ಅಡ್ಡ ಬಂದರೆ ಮೆಷೀನ್ ನಿಲ್ಲುತ್ತದೆ ಅಂತ ಲ್ಯಾಪ್‌ಟಾಪಿನಲ್ಲಿ ವಿಡಿಯೋ ತೋರಿಸಿದ. ಓನರ್‌ಗೆ ಇಷ್ಟವಾಗಿ ರೇಟ್ ಮಾತಾಡುತ್ತಿದ್ದರು. ಪ್ರೆಸ್ಸಿನ ಪ್ರತಿನಿಧಿ ಹಿಂದೆ ನಿಂತು ನೋಡುತ್ತಿದ್ದವನು, ‘ಸಾರ್, ನಮ್ದು ನಡುವೆ ನಿಲ್ಲೋ ಮೆಷೀನ್ ಅಲ್ವಲ್ಲ, ಸೆನ್ಸರ್ ಯಾವುದನ್ನ ನಿಲ್ಸುತ್ತೆ?’ ಅಂದ. ಆ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಬೆಳಕಿನ ಪರದೆ ಸಾರ್ಥಕವಾಗುವುದು ನಡುದಾರಿಯಲ್ಲಿ ನಿಲ್ಲಬಲ್ಲ ನ್ಯೂಮ್ಯಾಟಿಕ್ (ಗಾಳಿಯ ಒತ್ತಡದ) ಕ್ಲಚ್-ಬ್ರೇಕ್ ಇರುವ ಪ್ರೆಸ್ಸಿಗೆ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರಷ್ಟೇ ಏಟು ಬೀಳುವ ಎರಡು ಕೈ ಬಟನ್ನಿನ ಕಥೆಯೂ ಅಷ್ಟೇ. ಮನುಷ್ಯನ ಕೈ ಸೆಕೆಂಡಿಗೆ 1,600 ಮಿಲಿಮೀಟರ್ ಚಲಿಸುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ನಿಮಿಷಕ್ಕೆ 60 ಏಟಿನ, ಕೀ ಒಂದೇ ಕಡೆ ಕಚ್ಚುವ ಪ್ರೆಸ್ಸಿನಲ್ಲಿ ಬಟನ್ ಒತ್ತಿದ ಮೇಲೆ ಕೀ ಕಚ್ಚಲು ಹೆಚ್ಚೆಂದರೆ ಒಂದು ಸೆಕೆಂಡ್, ರ‍್ಯಾಮ್ ಇಳಿಯಲು ಅರ್ಧ ಸೆಕೆಂಡ್. ಒಂದೂವರೆ ಸೆಕೆಂಡಿಗೆ 2,400 ಮಿಲಿಮೀಟರ್. ಬಟನ್ನನ್ನು ಡೈಯಿಂದ ಎಂಟು ಅಡಿ ದೂರ ಇಟ್ಟರಷ್ಟೇ ಅದು ರಕ್ಷಣೆ. ಹಾಗೆ ಇಟ್ಟು ಕೆಲಸ ಮಾಡುವವರುಂಟೇ? ಕೀ ಕ್ಲಚ್ ಪ್ರೆಸ್ಸಿಗೆ ಗಟ್ಟಿ ಗಾರ್ಡೇ ಗತಿ. ಪೀಸ್ ಎತ್ತಲು ಉದ್ದ ಚಿಮಟವೋ ಮ್ಯಾಗ್ನೆಟ್ ಕೋಲೋ ಜೊತೆಗಿರಲಿ, ಆದರೆ ಗಾರ್ಡಿನ ಬದಲಿಗೆ ಅಲ್ಲ.

ನಿಲ್ಲಿಸುವ ಹಕ್ಕು

ನಮ್ಮಲ್ಲಿ ಹೆಲ್ಪರ್ ಕೂಡ ಮೆಷೀನ್ ನಿಲ್ಲಿಸಬಹುದು. ನಿಲ್ಲಿಸಿ, ಕೆಂಪು ಟ್ಯಾಗ್ ಹಾಕಿ, ನನ್ನನ್ನು ಕರೆಯಬೇಕು. ಟ್ಯಾಗ್ ತೆಗೆಯುವುದು ನಾನೊಬ್ಬನೇ ಅಲ್ಲ, ಹಾಕಿದವನೂ ನಾನೂ ಇಬ್ಬರೂ ಒಪ್ಪಿ ತೆಗೆಯಬೇಕು. ನಿಂತ ಹೊತ್ತಿಗೆ ಅವನ ಸರಾಸರಿ ಪೀಸ್ ಲೆಕ್ಕ ಹಾಕುತ್ತೇವೆ. ಇದನ್ನು ಮಾಡದೆ ‘ನಿಲ್ಲಿಸಿ’ ಅಂತ ಬೋರ್ಡ್ ಬರೆದರೆ ಯಾರೂ ನಿಲ್ಲಿಸುವುದಿಲ್ಲ. ಸುಮ್ಮಸುಮ್ಮನೆ ನಿಲ್ಲಿಸಿ ಕೂತರೆ ಅಂತ ಓನರ್‌ಗಳು ಕೇಳುತ್ತಾರೆ. ಅಂಥವನನ್ನು ಜೊತೆಯವರೇ ಬಿಡುವುದಿಲ್ಲ, ಡಿಸ್ಪ್ಯಾಚ್ ತಪ್ಪಿದರೆ ಎಲ್ಲರ ಇನ್ಸೆಂಟಿವ್ ಹೋಗುತ್ತದಲ್ಲ.

ನಿಲ್ಲಿಸುವುದು ಅಂದರೆ ಏನು ಅಂತ ಕೈ ಹಿಡಿದು ತೋರಿಸಿ. ಸ್ವಿಚ್ ಆಫ್ ಮಾಡಿದ ತಕ್ಷಣ ಪ್ರೆಸ್ ನಿಂತಿತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಮೋಟಾರ್ ನಿಂತರೂ ಫ್ಲೈವ್ಹೀಲ್ ಇನ್ನೂ ಸುತ್ತುತ್ತಿರುತ್ತದೆ, ಆಗ ಪೆಡಲ್ ಒತ್ತಿದರೆ ಏಟು ಬಿದ್ದೇ ಬೀಳುತ್ತದೆ. ಫ್ಲೈವ್ಹೀಲ್ ಪೂರ್ತಿ ನಿಂತ ಮೇಲೆ ರ‍್ಯಾಮ್ ಇಳಿಯದಂತೆ ತಡೆಯುವ ಸೇಫ್ಟಿ ಬ್ಲಾಕನ್ನು ಡೈ ನಡುವೆ ಇಟ್ಟು, ಆಮೇಲೆ ಕೈ ಹಾಕಬೇಕು. ಬ್ಲಾಕ್, ಡೈ ಕೂರಿಸುವ ಸೆಟ್ಟರ್ ಕೈಗೆ ಸಿಗುವಂತೆ ಮೆಷೀನಿಗೇ ಚೈನ್ ಹಾಕಿ ಕಟ್ಟಿ. ಟೂಲ್ ರೂಮಿನಲ್ಲಿದ್ದರೆ ಯಾರೂ ತರಲು ಹೋಗುವುದಿಲ್ಲ.

ಏಟಾದಾಗ

ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಅನ್ವಯಿಸುತ್ತದೆ. ಕೆಲಸದ ಮೇಲೆ ಏಟಾದರೆ ಇಷ್ಟು ತಿಂಗಳು ಕಂತು ಕಟ್ಟಿರಬೇಕೆಂಬ ಷರತ್ತು ಇಲ್ಲ, ಸೇರಿದ ಮೊದಲ ದಿನ ಆದರೂ ಸಿಗುತ್ತದೆ. ಕೆಲಸಕ್ಕೆ ಬರಲಾಗದ ದಿನಗಳಿಗೆ ಸಂಬಳದ 90% ಬರುತ್ತದೆ. ಆದ್ದರಿಂದ ಹುಡುಗ ಸೇರಿದ ದಿನವೇ ರಿಜಿಸ್ಟರ್ ಮಾಡಿ, ‘ಇರ್ತಾನೋ ಇಲ್ವೋ ನೋಡೋಣ’ ಅಂತ ತಿಂಗಳು ಕಾಯಬೇಡಿ. ಅಪಘಾತದ ವರದಿ ಫಾರಂ 12ರಲ್ಲಿ ಹೋಗಬೇಕು. ಕೆಲವು ಶೆಡ್ಡುಗಳಲ್ಲಿ ಪ್ರೈವೇಟ್ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ ‘ಬಾತ್‌ರೂಮಲ್ಲಿ ಬಿದ್ದ’ ಅಂತ ಬರೆಸುತ್ತಾರೆ. ಶಾಶ್ವತ ಊನಕ್ಕೆ ಇಎಸ್‌ಐ ಪಟ್ಟಿಯಲ್ಲಿ ಹೆಬ್ಬೆರಳಿಗೆ 30%, ತೋರುಬೆರಳು ಪೂರ್ತಿ ಹೋದರೆ 14% ಅಂತ ದುಡಿಮೆಯ ನಷ್ಟ ಕಟ್ಟಿದ್ದಾರೆ, ಅದರ ಮೇಲೆ ಜೀವನಪರ್ಯಂತ ದುಡ್ಡು ಬರುತ್ತದೆ. ಒಂದು ಸುಳ್ಳು ಸಾಲಿನಿಂದ ಅದು ಹೋಗುತ್ತದೆ. ಅದನ್ನು ಕಣ್ಣಾರೆ ಕಂಡ ಉಳಿದವರು ನಿಮ್ಮ ಪುಸ್ತಕದಲ್ಲಿ ಮತ್ತೆ ಏನೂ ಬರೆಯುವುದಿಲ್ಲ.

ಬೆರಳು ತುಂಡಾದರೆ ಏನು ಮಾಡಬೇಕು ಅನ್ನುವುದು ಒಬ್ಬರಿಗಲ್ಲ, ಪ್ರತಿ ಶಿಫ್ಟಿನಲ್ಲಿ ಇಬ್ಬರಿಗಾದರೂ ಬಾಯಿಪಾಠ ಇರಬೇಕು. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡನ್ನು ಒದ್ದೆ ಮಾಡಿದ ಶುದ್ಧ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಗಟ್ಟಿಯಾಗಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಿ. ತುಂಡನ್ನು ನೇರವಾಗಿ ಐಸ್ ಮೇಲೆ ಇಡಬಾರದು, ಮಾಂಸ ಹಾಳಾಗಿ ಮತ್ತೆ ಜೋಡಿಸಲು ಬರುವುದಿಲ್ಲ. ನಮ್ಮಲ್ಲಿ ಫಸ್ಟ್ ಏಡ್ ಡಬ್ಬದ ಕೀಲಿ ಮೊದಲು ಓನರ್ ಡ್ರಾಯರಿನಲ್ಲಿತ್ತು. ಅದಕ್ಕೆ ಬೀಗವೇ ಬೇಡ ಅಂತ ಪ್ಯಾಕಿಂಗ್ ಪ್ರತಿನಿಧಿ ಹೇಳಿದ್ದು ಪುಸ್ತಕದಲ್ಲಿದೆ.

ಏಟಾದ ಮೇಲೆ ವಿಚಾರಣೆ ಮಾಡುವಾಗ ‘ಯಾರ ತಪ್ಪು’ ಅಂತ ಶುರು ಮಾಡಬೇಡಿ. ಆ ಮೆಷೀನ್ ನಡೆಸುವ ಇನ್ನೊಬ್ಬ ಆಪರೇಟರ್‌ನನ್ನು ಕೂರಿಸಿಕೊಂಡು, ಆ ಹೊತ್ತಿಗೆ ಯಾವ ಡೈ, ಎಷ್ಟನೇ ಗಂಟೆಯ ಓಟಿ, ಲೈಟ್ ಹೇಗಿತ್ತು, ಟಾರ್ಗೆಟ್ ಎಷ್ಟಿತ್ತು ಅಂತ ಒಂದೊಂದಾಗಿ ಕೇಳಿ. ಏಟಾಗದೆ ತಪ್ಪಿಸಿಕೊಂಡದ್ದಕ್ಕೂ ಇದೇ ವಿಚಾರಣೆ.

ಕಾನೂನು ಏನು ಹೇಳುತ್ತದೆ

ಚುಟುಕಾಗಿ ಹೇಳುತ್ತೇನೆ. ಭೋಪಾಲ್ ದುರಂತದ ನಂತರ 1987ರಲ್ಲಿ 1948ರ ಕಾರ್ಖಾನೆ ಕಾಯ್ದೆಗೆ 41ಜಿ ಸೇರಿಸಿ, ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗಳಲ್ಲಿ ಕೆಲಸಗಾರರು ಮತ್ತು ಆಡಳಿತದವರು ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಬೇಕೆಂದರು. ಸೇಫ್ಟಿ ಆಫೀಸರ್ ಕಡ್ಡಾಯವಾಗಿದ್ದದ್ದು 1,000 ಜನರ ಮೇಲೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರಲ್ಲಿ ಅದು 500ಕ್ಕೆ ಇಳಿದಿದೆ, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250. ಆದರೆ ಅದೇ ಸಂಹಿತೆ ‘ಕಾರ್ಖಾನೆ’ ಅನ್ನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ ಬೇಕಾದ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿದೆ. ಸಣ್ಣ ಶೆಡ್ಡುಗಳಿಗೆ ಸಮಿತಿ ಮಾಡಿ ಅಂತ ಯಾರೂ ಬಂದು ಕೇಳುವುದಿಲ್ಲ ಅಂತಲೇ ಅರ್ಥ. ಸಂಹಿತೆಯ 14ನೇ ಸೆಕ್ಷನ್ ಮಾತ್ರ ಗೊತ್ತಿರಲಿ. ತನ್ನ ಆರೋಗ್ಯ, ಸುರಕ್ಷತೆಯ ಬಗ್ಗೆ ಮಾಹಿತಿ ಕೇಳುವುದು ಕೆಲಸಗಾರನ ಹಕ್ಕು. ಸದ್ಯದಲ್ಲೇ ಪ್ರಾಣಾಪಾಯ ಆಗಬಹುದೆಂದು ಅನ್ನಿಸಿದರೆ ಓನರ್‌ಗೂ ಇನ್ಸ್‌ಪೆಕ್ಟರ್‌ಗೂ ಏಕಕಾಲಕ್ಕೆ ತಿಳಿಸಬಹುದು, ಓನರ್ ತಕ್ಷಣ ಸರಿಪಡಿಸಬೇಕು. ಇದನ್ನು ನಾನು ಪುಸ್ತಕದ ರಟ್ಟಿನ ಒಳಗಡೆ ಕನ್ನಡ, ಹಿಂದಿ ಎರಡರಲ್ಲೂ ಬರೆಸಿದ್ದೇನೆ. ನಮ್ಮ ಓನರ್ ಮೊದಲು ಮುಖ ಗಂಟಿಕ್ಕಿದರು, ಕಸ್ಟಮರ್ ಆಡಿಟಿಗೆ ಬಂದವರು ಆ ಪುಟದ ಫೋಟೋ ತೆಗೆದುಕೊಂಡ ಮೇಲೆ ಸುಮ್ಮನಾದರು.

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಬ್ಯಾನರ್, ಬ್ಯಾಡ್ಜ್, ಪ್ರತಿಜ್ಞೆ ಬೇಕಾದರೆ ಮಾಡಿ. ನಾವು ಅವತ್ತು ಪುಸ್ತಕದಲ್ಲಿ ಇನ್ನೂ ಮುಗಿಯದೆ ಉಳಿದ ಸಾಲುಗಳನ್ನು ಓನರ್ ಎದುರು ಓದಿಸುತ್ತೇವೆ.

ಹೊಸಬನನ್ನು ಮೆಷೀನಿಗೆ ಕೂರಿಸುವಾಗ

ಹೊಸ ಹುಡುಗನನ್ನು ಬಂದ ದಿನವೇ ಪ್ರೆಸ್ಸಿಗೆ ಕೂರಿಸುವುದು ನಮ್ಮ ಏರಿಯಾದ ಕೆಟ್ಟ ಚಾಳಿ. ಜನ ಸಿಗುವುದಿಲ್ಲ, ಆರ್ಡರ್ ತಲೆ ಮೇಲಿರುತ್ತದೆ. ನಮ್ಮಲ್ಲಿ ಮೊದಲು ಪ್ಯಾಕಿಂಗ್, ಆಮೇಲೆ ಹಳೇ ಆಪರೇಟರ್ ಪಕ್ಕ ಹೆಲ್ಪರ್. ಯಾವಾಗ ಮೆಷೀನಿಗೆ ಕೂರಬಹುದು ಅಂತ ನಿರ್ಧರಿಸುವುದು ಆ ಹಳೇ ಆಪರೇಟರ್. ಅವನು ಪುಸ್ತಕದಲ್ಲಿ ಆ ಹುಡುಗನ ಹೆಸರು, ಮೆಷೀನ್ ನಂಬರ್ ಬರೆದು ಸಹಿ ಹಾಕಿದ ಮೇಲೆಯೇ ನಾನು ಡ್ಯೂಟಿ ಹಾಕುತ್ತೇನೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಒಬ್ಬ ಹುಡುಗನಿಗೆ ಪೆಡಲ್ ಮೇಲಿಂದ ಕಾಲು ತೆಗೆಯುವ ಅಭ್ಯಾಸವೇ ಬರಲಿಲ್ಲ. ಪೀಸ್ ತೆಗೆಯುವಾಗಲೂ ಕಾಲು ಅಲ್ಲೇ. ಆಪರೇಟರ್ ಸಹಿ ಹಾಕಲಿಲ್ಲ. ಡಿಸ್ಪ್ಯಾಚ್ ತಡವಾಗಿದೆ ಅಂತ ಓನರ್ ಖುದ್ದು ಬಂದು ಕೇಳಿದರೂ ಹಾಕಲಿಲ್ಲ. ಆ ಹುಡುಗ ಈಗ ನಮ್ಮಲ್ಲೇ ಗೇಜ್ ಹಿಡಿದು ಇನ್‌ಸ್ಪೆಕ್ಷನ್ ಮಾಡುತ್ತಾನೆ.